ಗಾಳಿಸುದ್ದಿಯೂ ಗಟ್ಟಿಸುದ್ದಿಯೂ

ಹಿಂದಿನ ಕಾಲದಲ್ಲಿ ಲೋಕದ ಸುದ್ದಿಯು ಮನೆಯೊಳಕ್ಕೆ ಬರಬೇಕಾದರೆ ಬಾವಿಕಟ್ಟೆ, ಅರಳಿಕಟ್ಟೆ, ಸಂತೆಮಾಳ ಇವುಗಳಲ್ಲಿ ಒಂದನ್ನು ಹಾದು ಬರಬೇಕಾಗಿದ್ದಿತು. ತಂದವನ ಮುಖವನ್ನು ನೋಡಿ, ಅವನ ಸ್ವಭಾವವನ್ನು ನೆನೆದು, ಹೇಳಿದುದರಲ್ಲಿ ಎಷ್ಟನ್ನು ಇಟ್ಟುಕೊಳ್ಳಬೇಕು, ಎಷ್ಟನ್ನು ಕಳೆಯಬೇಕು ಎಂಬುದನ್ನು ನಮ್ಮ ಹಿರಿಯರು ನಿಶ್ಚಯಿಸುತ್ತಿದ್ದರು. ಈಗಲಾದರೋ ಕೆಂಗೇರಿಯಲ್ಲಿ ಮೆಟ್ರೋ ರೈಲನ್ನು ಹತ್ತಿದವರು ವಿಜಯನಗರದಲ್ಲಿ ಇಳಿಯುವುದರೊಳಗಾಗಿ ಇಪ್ಪತ್ತು ಸುದ್ದಿಗಳನ್ನು ಓದಿ ಮುಗಿಸಿ, ಹತ್ತನ್ನು ನೆಂಟರಿಗೆ ಕಳುಹಿಸಿಯೂ ಆಗಿರುವುದು. ಸುದ್ದಿಯು ಅಂಗೈಗೆ ಬಂದಿರುವುದು. ಅದನ್ನು ಮೊದಲು ಹೇಳಿದವನ ಮುಖವು ಮಾತ್ರ ಮರೆಯಾಗಿರುವುದು.

ನಾನು ಈ ಯಂತ್ರವನ್ನು ಹಳಿಯುವುದಕ್ಕಾಗಿ ಲೇಖನಿಯನ್ನು ಹಿಡಿದವನಲ್ಲ. ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಬೆಳಗಿನ ಕಾಫಿಯಾದೊಡನೆ ಅಂತರ್ಜಾಲದಲ್ಲಿ ಒಂದು ಗಳಿಗೆ ಅಲೆಯುವುದು ನನಗೂ ಅಭ್ಯಾಸವಾಗಿದೆ. ಅಲ್ಲಿ ಸಿಕ್ಕಿದ ಕೆಲವು ಸ್ವಾರಸ್ಯವಾದ ಸಂಗತಿಗಳನ್ನು ವಾಚಕರ ಮುಂದಿಡಬೇಕೆಂಬುದೂ, ಅವುಗಳನ್ನು ಪರೀಕ್ಷಿಸುವ ಒಂದು ಹಳೆಯ ಒರೆಗಲ್ಲನ್ನು ಜ್ಞಾಪಿಸಬೇಕೆಂಬುದೂ ಈ ಬರಹದ ಉದ್ದೇಶ.

ಆ ಒರೆಗಲ್ಲು ನಮ್ಮ ನ್ಯಾಯಶಾಸ್ತ್ರದ್ದು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ನೈಯಾಯಿಕರು ಹೇಳುವರು. ಕೊನೆಯದಾದ ಶಬ್ದವೆಂದರೆ ಯಾರೋ ಆಡಿದ ಮಾತೆಂದಲ್ಲ, ಆಪ್ತನ ವಾಕ್ಯ. ಇಲ್ಲಿಯೇ ಕನ್ನಡಿಗರಾದ ನಮಗೆ ಒಂದು ತೊಡಕು. ಕನ್ನಡದಲ್ಲಿ ಆಪ್ತನೆಂದರೆ ನಮಗೆ ಹತ್ತಿರದವನು, ಪ್ರೀತಿಪಾತ್ರನು. ಶಾಸ್ತ್ರದಲ್ಲಿ ಆಪ್ತನೆಂದರೆ ವಿಷಯವನ್ನು ಇದ್ದಂತೆ ತಿಳಿದು, ತಿಳಿದಂತೆ ಹೇಳುವವನು. ವಾಟ್ಸಾಪಿನಲ್ಲಿ ನಮಗೆ ಬರುವ ಸುದ್ದಿಗಳೆಲ್ಲವೂ ಮೊದಲನೆಯ ಅರ್ಥದ ಆಪ್ತರಿಂದಲೇ ಬರುವುವು: ಭಾವಮೈದುನ, ಸೊಸೆ, ಬಾಲ್ಯದ ಸಹಪಾಠಿ. ನಾವು ಅವುಗಳನ್ನು ಎರಡನೆಯ ಅರ್ಥದ ಆಪ್ತರ ಮಾತೆಂದು ಸ್ವೀಕರಿಸುವೆವು. ಇಂದಿನ ಗೊಂದಲದ ಬಹುಭಾಗವು ಒಂದು ಶಬ್ದದ ಈ ಎರಡು ಅರ್ಥಗಳ ನಡುವೆ ಅಡಗಿದೆಯೆಂದು ನನಗೆ ತೋರುವುದು.

ಉದಾಹರಣೆಗೆ, ಸಂಸ್ಕೃತ ಬಲ್ಲವರಿಗೆಲ್ಲ ವರ್ಷಕ್ಕೆ ನಾಲ್ಕು ಬಾರಿಯಾದರೂ ಬರುವ ಒಂದು ಸಂದೇಶವುಂಟು: ಅಮೆರಿಕದ ನಾಸಾ ಸಂಸ್ಥೆಯವರು ಸಂಸ್ಕೃತವೇ ಕಂಪ್ಯೂಟರಿಗೆ ಅತ್ಯುತ್ತಮವಾದ ಭಾಷೆಯೆಂದು ಒಪ್ಪಿ, ಅದರಲ್ಲಿಯೇ ಯಂತ್ರಗಳಿಗೆ ಆಜ್ಞೆ ಕೊಡುತ್ತಿರುವರೆಂದು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಶ್ರಾವಣ ಪೂರ್ಣಿಮೆಯ ಸಂಸ್ಕೃತ ದಿನಕ್ಕೆಂದು ಇದೇ ವಿಷಯದ ಮೇಲೆ ಭಾಷಣವನ್ನು ಬರೆದುಕೊಂಡು, ತಿದ್ದಿಕೊಡಬೇಕೆಂದು ನನ್ನ ಬಳಿಗೆ ಬಂದನು. “ಮಗೂ, ಇದನ್ನು ಯಾರು, ಯಾವಾಗ, ಎಲ್ಲಿ ಹೇಳಿದರು?” ಎಂದು ಕೇಳಿದೆನು. “ಎಲ್ಲರೂ ಹೇಳ್ತಾರೆ ತಾತ” ಎಂದನು. ನಾಸಾದವರು ಹಾಗೆ ಮಾಡಿಲ್ಲವೆಂದು ನಾನು ಹೇಳಿದಾಗ ಅವನ ಮುಖವು ಬಾಡಿತು. “ಹಾಗಾದರೆ ನಾನು ಸಂಸ್ಕೃತ ತಗೊಂಡಿದ್ದೇ ದಂಡ ಅಲ್ವಾ?” ಎಂದು ಕೇಳಿದನು.

ಆ ಪ್ರಶ್ನೆಯು ನನ್ನನ್ನು ನಾಟಿತು. ಸುಳ್ಳಿನ ಕೋಲನ್ನು ಆನಿಸಿ ಕಟ್ಟಿದ ಚಪ್ಪರವು, ಕೋಲನ್ನು ಎಳೆದ ಕೂಡಲೇ ಬೀಳುವುದು. ಬೀಳುವಾಗ ಅದರ ಕೆಳಗಿದ್ದ ನಿಜವಾದ ಬಳ್ಳಿಯನ್ನೂ ನೆಲಕ್ಕೆಳೆಯುವುದು. ಆದುದರಿಂದ ಅವನನ್ನು ಕುಳ್ಳಿರಿಸಿ, ಆ ಸಂದೇಶದ ಬೇರನ್ನು ಅಂತರ್ಜಾಲದಲ್ಲಿಯೇ ಹುಡುಕಿ ತೋರಿಸಿದೆನು.

ಬೇರು ಇರುವುದೇನೋ ನಿಜ. ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಕೇಂದ್ರದ ಸಂಶೋಧಕರಾದ ರಿಕ್ ಬ್ರಿಗ್ಸ್ ಎಂಬವರು 1985ರಲ್ಲಿ ‘ಎಐ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಸಂಸ್ಕೃತದ ಮೇಲೆ ಒಂದು ಲೇಖನವನ್ನು ಪ್ರಕಟಿಸಿದರು. ಯಂತ್ರಕ್ಕೆ ಸಂಸ್ಕೃತದಲ್ಲಿ ಆಜ್ಞೆ ಕೊಡಬೇಕೆಂದಾಗಲಿ, ನಾಸಾ ಸಂಸ್ಥೆಯು ಅದನ್ನು ಅಂಗೀಕರಿಸಿತೆಂದಾಗಲಿ ಅದರಲ್ಲಿ ಇಲ್ಲ. ಅವರು ತೋರಿಸಿದುದು ಬೇರೆ: ನಾಗೇಶಭಟ್ಟನೇ ಮೊದಲಾದ ವೈಯಾಕರಣರು ಒಂದು ವಾಕ್ಯದ ಅರ್ಥವನ್ನು ಬಿಡಿಸಿಡುವ ಕ್ರಮಕ್ಕೂ, ಯಂತ್ರಕ್ಕೆ ಅರ್ಥವನ್ನು ತಿಳಿಸಲು ಈ ಕಾಲದ ವಿದ್ವಾಂಸರು ಗಂಟುಗಳನ್ನೂ ಎಳೆಗಳನ್ನೂ ಬರೆದು ರಚಿಸುವ ಜಾಲಕ್ಕೂ ಇರುವ ಆಶ್ಚರ್ಯಕರವಾದ ಹೋಲಿಕೆ. ಇದರ ಮರುವರ್ಷ, 1986ರ ಡಿಸೆಂಬರಿನಲ್ಲಿ, ಈ ವಿಷಯವನ್ನು ಕುರಿತ ಪ್ರಥಮ ರಾಷ್ಟ್ರೀಯ ಸಮ್ಮೇಳನವು ನಡೆದುದು ಮತ್ತೆಲ್ಲಿಯೂ ಅಲ್ಲ, ನಮ್ಮ ಬೆಂಗಳೂರಿನಲ್ಲಿಯೇ. ಅದರ ವರದಿಯನ್ನೂ ಬ್ರಿಗ್ಸ್ ಅವರೇ 1987ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು.

ಹುಡುಗನಿಗೆ ಇದನ್ನು ಅಡಿಗೆಮನೆಯ ಮಾತಿನಲ್ಲಿ ಹೇಳಿದೆನು. “ತಾಯಿಯು ಅಡಿಗೆಮನೆಯಲ್ಲಿ ಈಳಿಗೆಮಣೆಯಿಂದ ಮಾವಿನಹಣ್ಣನ್ನು ಹೆಚ್ಚುತ್ತಾಳೆ” ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ವೈಯಾಕರಣನು ಹೆಚ್ಚುವ ಕ್ರಿಯೆಯನ್ನು ನಡುವೆ ಇಡುವನು. ತಾಯಿಯು ಕರ್ತೃ, ಹಣ್ಣು ಕರ್ಮ, ಈಳಿಗೆಮಣೆ ಕರಣ, ಅಡಿಗೆಮನೆ ಅಧಿಕರಣ. ಒಂದೊಂದೂ ಕ್ರಿಯೆಗೆ ತನ್ನದೇ ಆದ ಎಳೆಯಿಂದ ಕಟ್ಟಿರುವುದು. ಪದಗಳನ್ನು ಹಿಂದುಮುಂದು ಮಾಡಿದರೂ ಈ ಕಟ್ಟು ಕಳಚುವುದಿಲ್ಲ. ನೈಯಾಯಿಕನಾದರೋ ಕ್ರಿಯೆಯ ಬದಲಾಗಿ ಕರ್ತೃವನ್ನೇ ಪ್ರಧಾನವೆನ್ನುವನು; ಇದರ ಮೇಲೆ ಶತಮಾನಗಳ ವಾದವೇ ನಡೆದಿದೆ. “ಯಂತ್ರಕ್ಕೆ ಅರ್ಥವನ್ನು ಹೇಗೆ ತಿಳಿಸುವುದು ಎಂದು ಅವರು ಯೋಚಿಸುವುದಕ್ಕೆ ಎಷ್ಟೋ ಮೊದಲೇ, ಮನುಷ್ಯನಿಗೆ ಅರ್ಥವು ಹೇಗೆ ತಿಳಿಯುವುದು ಎಂದು ನಮ್ಮವರು ಯೋಚಿಸಿದ್ದರು, ನೀನು ಓದುತ್ತಿರುವುದು ಅದನ್ನು” ಎಂದೆನು. ಅವನು ಭಾಷಣವನ್ನು ಹೊಸದಾಗಿ ಬರೆದನು. ಬಹುಮಾನವು ಬೇರೆಯವನಿಗೆ ಹೋಯಿತು; ಆ ಬೇರೆಯವನು ಹೇಳಿದುದು ನಾಸಾದ ಕಥೆಯನ್ನೇ. ಆದರೆ ನಮ್ಮ ಹುಡುಗನು ಸಂಸ್ಕೃತವನ್ನು ಬಿಡಲಿಲ್ಲ.

ಇನ್ನು ಪ್ರತ್ಯಕ್ಷಪ್ರಮಾಣಕ್ಕೆ ಬರೋಣ. ನಮ್ಮ ನಗರದ ಹೆಸರಿನ ಕಥೆಯು ಹಾಡುಗಳಲ್ಲಿ, ಹಾಸ್ಯದ ತುಣುಕುಗಳಲ್ಲಿ ನಿತ್ಯವೂ ಓಡಾಡುತ್ತಿರುವುದು: ದಾರಿತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಬೆಂದಕಾಳೂರು, ಅದೇ ಬೆಂಗಳೂರು ಎಂದು. ಕಥೆಯು ರುಚಿಯಾದುದೇ. ಆದರೆ ನಗರದ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋದರೆ, ಸುಮಾರು 890ರ, ಗಂಗರ ಕಾಲದ ವೀರಗಲ್ಲೊಂದನ್ನು ಕಾಣಬಹುದು. ಅದರಲ್ಲಿ ಬೆಂಗಳೂರಿನ ಕಾಳಗವೆಂಬ ಮಾತೇ ಕೆತ್ತಿದೆ. ಎರಡನೆಯ ವೀರಬಲ್ಲಾಳನು ಪಟ್ಟಕ್ಕೆ ಬಂದುದು 1173ರಲ್ಲಿ. ಅವನಿಗೆ ಹಸಿವಾಗುವುದಕ್ಕೆ ಸುಮಾರು 280 ವರ್ಷಗಳ ಮೊದಲೇ ಊರಿಗೆ ಹೆಸರಿದ್ದಿತು! 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು 2021ರಿಂದ ನಗರದ ಶಿಲಾಶಾಸನಗಳನ್ನು ಬೆಳಕಿನ ಯಂತ್ರದಿಂದ ಮೂರು ಆಯಾಮಗಳಲ್ಲಿ ಸೆರೆಹಿಡಿಯುತ್ತ ಬಂದಿರುವರು. ಬರಿಯ ಕಣ್ಣಿಗೆ ಸವೆದು ಹೋದಂತೆ ತೋರುವ ಅಕ್ಷರವೂ ಆ ಚಿತ್ರದಲ್ಲಿ ಎದ್ದು ಕಾಣುವುದು. ಮನೆಯಲ್ಲಿಯೇ ಕುಳಿತು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಬಹುದು. ಗಾಳಿಸುದ್ದಿಯನ್ನು ತರುವ ಅದೇ ಯಂತ್ರವು ಕಲ್ಲಿನ ಸಾಕ್ಷಿಯನ್ನೂ ತಂದುಕೊಡುವುದೆಂಬುದನ್ನು ಮರೆಯಬಾರದು.

ಉಪಮಾನಕ್ಕೆ, ಅಂದರೆ ತಿಳಿದುದರ ಹೋಲಿಕೆಯಿಂದ ತಿಳಿಯದುದನ್ನು ಅರಿಯುವುದಕ್ಕೆ, ನನಗೆ ದೊರೆತ ಸೊಗಸಾದ ನಿದರ್ಶನವು ಕನ್ನಡದ ಕೀಲಿಮಣೆ. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಲೋಕವು ಕೆ.ಪಿ. ರಾವ್ ಎಂದು ಬಲ್ಲ ವಿದ್ವಾಂಸರು, ಇಂಗ್ಲಿಷಿನ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಕೂರಿಸಿದ ವಿನ್ಯಾಸವು ‘ನುಡಿ’ ತಂತ್ರಾಂಶದಲ್ಲಿ ಸೇರಿ ಮನೆಮಾತಾಗಿದೆ. ಇಪ್ಪತ್ತಾರು ಗುಂಡಿಗಳಲ್ಲಿ ನಮ್ಮ ವರ್ಣಮಾಲೆಯೆಲ್ಲ ಹೇಗೆ ಹಿಡಿಯಿತು? ‘ಕ’ಕಾರದ ಗುಂಡಿಯನ್ನು ಶಿಫ್ಟ್ ಒತ್ತಿ ಹಿಡಿದು ಹೊಡೆದರೆ ‘ಖ’ ಬರುವುದು. ‘ಗ’ಕಾರವು ‘ಘ’ ಆಗುವುದು. ‘ತ’ಕಾರವು ‘ಥ’ ಆಗುವುದು. ಅದೇ ಶಿಫ್ಟ್ ಸ್ವರಗಳ ಮೇಲೆ ಬಿದ್ದರೆ ‘ಇ’ ಹೋಗಿ ‘ಈ’, ‘ಉ’ ಹೋಗಿ ‘ಊ’. ಅಂದರೆ ಅಲ್ಪಪ್ರಾಣವನ್ನು ಮಹಾಪ್ರಾಣವಾಗಿಯೂ, ಹ್ರಸ್ವವನ್ನು ದೀರ್ಘವಾಗಿಯೂ ಮಾಡುವ ಕೆಲಸವು ಒಂದೇ ಕಿರುಬೆರಳಿಗೆ! ವ್ಯಂಜನದ ಹಿಂದೆ ಸ್ವರವನ್ನು ಹೊಡೆದರೆ ಗುಣಿತಾಕ್ಷರವು ತಾನಾಗಿ ಕೂಡಿಕೊಳ್ಳುವುದು. ಮರಳಿನ ಮೇಲೆ ಅ ಆ ಇ ಈ ತಿದ್ದಿದವರಿಗೆ ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಮಹಾಪ್ರಾಣಗಳನ್ನು ತರಗತಿಯಲ್ಲಿ ಎದೆಯುಸಿರಿನಿಂದ ಕಲಿಸಿದ ನಾನು ಅವುಗಳನ್ನು ಕಿರುಬೆರಳಿನಿಂದ ಉಚ್ಚರಿಸಿ ಒಂದು ದಿನವೆಲ್ಲ ಸಂತೋಷಪಟ್ಟೆನು.

ಶಾಸ್ತ್ರಾರ್ಥದ ಆಪ್ತನು ಈ ಕಾಲದಲ್ಲಿ ಎಲ್ಲಿರುವನೆಂದು ಕೇಳುವವರಿಗೆ ವಿ. ಕೃಷ್ಣ ಅವರ ಹೆಸರನ್ನು ಹೇಳುವೆನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಮಹಾಶಯರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿದ್ದುವು. ಕೃಷ್ಣ ಅವರು ಹಲವು ದಶಕಗಳ ಕಾಲ ಏಕಾಂಗಿಯಾಗಿ ದುಡಿದು ಕೂಡಿಸಿದ ‘ಅಲರ್’ ನಿಘಂಟಿನಲ್ಲಿ 1,50,000ಕ್ಕೂ ಮೇಲ್ಪಟ್ಟ ಶಬ್ದಗಳೂ, 2,40,000ಕ್ಕೂ ಮೇಲ್ಪಟ್ಟ ಅರ್ಥವಿವರಣೆಗಳೂ ಇರುವುವು. 2019ರಲ್ಲಿ ಅದು ಅಂತರ್ಜಾಲಕ್ಕೆ ಬಂದಿತು. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು. ಇಂತಹ ಸುದ್ದಿಯು ನಮ್ಮ ವಾಟ್ಸಾಪಿಗೆ ಎಷ್ಟು ಸಲ ಬಂದಿತು? ನನಗಂತೂ ಒಂದು ಸಲವೂ ಬರಲಿಲ್ಲ. ನಾಸಾದ ಸುದ್ದಿಯು ಬಂದುದಕ್ಕೆ ಲೆಕ್ಕವಿಲ್ಲ.

ಅನುಮಾನಪ್ರಮಾಣದ ಉಪಯೋಗವು ಸಿನಿಮಾ ವಿಷಯದಲ್ಲಿ ಚೆನ್ನಾಗಿ ತಿಳಿಯುವುದು. ಕಂಠೀರವ ಸ್ಟುಡಿಯೋ 1966ರಿಂದ ನಮ್ಮ ಪಶ್ಚಿಮ ಬೆಂಗಳೂರಿನ ನೆರೆಯಲ್ಲಿಯೇ ಇರುವುದರಿಂದ ಈ ಬಗೆಯ ಸುದ್ದಿಗೆ ನಮ್ಮಲ್ಲಿ ಬರವಿಲ್ಲ. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬಾ ಇವರು ಅದರಲ್ಲಿ ಅಭಿನಯಿಸಿದ್ದರು. ಅದರ ಒಂದೇ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆದುದರಿಂದ ಆ ಚಿತ್ರವು ಪೂರ್ತಿಯಾಗಿ ಇಲ್ಲಿದೆ, ನೋಡಿ ಎಂದು ಯಾರಾದರೂ ಕಳುಹಿಸಿದರೆ, ತೆರೆದು ನೋಡದೆಯೇ ಅದು ಅದಲ್ಲವೆಂದು ಊಹಿಸಬಹುದು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆಯೇ, ಬೆಂಕಿಯು ಆರಿದೆಯೆಂದು ಬಲ್ಲವನು ಬಣ್ಣದ ಹೊಗೆಗೆ ಮೋಸಹೋಗನು. ಜನರು ಎತ್ತಿಡಬೇಕೆಂದು ಎಣಿಸದೆ ಇದ್ದುದರಿಂದ ಒಂದು ನಾಡಿನ ಮೊದಲ ಮಾತೇ ಕಳೆದುಹೋದುದನ್ನು ನೆನೆದರೆ, ನಿಘಂಟನ್ನೂ ಶಾಸನವನ್ನೂ ಇಂದು ಎತ್ತಿಡುತ್ತಿರುವವರ ಬೆಲೆಯು ತಿಳಿಯುವುದು.

ಇಷ್ಟೆಲ್ಲ ಶಾಸ್ತ್ರವೇಕೆ, ಹೊತ್ತು ಕಳೆಯುವ ವಿನೋದವಷ್ಟೆ ಎಂದು ವಾಚಕರು ಹೇಳಬಹುದು. ನಮ್ಮ ಬಡಾವಣೆಯಲ್ಲಿ ಸಕ್ಕರೆ ಕಾಯಿಲೆಯಿದ್ದ ಒಬ್ಬ ವೃದ್ಧ ತಾಯಿಯವರು, ಯಾವುದೋ ಎಲೆಯ ಕಷಾಯವನ್ನು ಕುಡಿದರೆ ಮಾತ್ರೆಯೇ ಬೇಡವೆಂಬ ಸಂದೇಶವನ್ನು ನಂಬಿ ಹದಿನೈದು ದಿನ ಮಾತ್ರೆಯನ್ನು ನಿಲ್ಲಿಸಿದರು. ಒಂದು ಬೆಳಗ್ಗೆ ತುಳಸಿಕಟ್ಟೆಯ ಬಳಿ ಎಚ್ಚರತಪ್ಪಿ ಬಿದ್ದುದನ್ನು ಹಾಲಿನವನು ಕಂಡುದರಿಂದ ಆಸ್ಪತ್ರೆಗೆ ಸೇರಿಸಿ, ದೇವರ ದಯದಿಂದ ಉಳಿಸಿಕೊಳ್ಳುವಂತಾಯಿತು. ಆ ಸಂದೇಶವನ್ನು ಅವರಿಗೆ ಕಳುಹಿಸಿದವನು ಯಾರು? ಪರವೂರಿನಲ್ಲಿದ್ದು ತಾಯಿಯ ಆರೋಗ್ಯವನ್ನು ದಿನವೂ ಚಿಂತಿಸುತ್ತಿದ್ದ ಅವರ ಮಗನೇ. ಕಳುಹಿಸಿದವನಲ್ಲಿ ಪ್ರೀತಿಯಿದ್ದಿತು, ಬರೆದವನಲ್ಲಿ ಜ್ಞಾನವಿರಲಿಲ್ಲ. ಎರಡು ಆಪ್ತರನ್ನು ಒಬ್ಬನೇ ಎಂದು ಬಗೆದುದರ ಬೆಲೆಯು ಅಷ್ಟು.

ಆದುದರಿಂದ ಗೃಹಸ್ಥರಿಗೂ ಗೃಹಿಣಿಯರಿಗೂ ನನ್ನ ಬಿನ್ನಹವು ಸಣ್ಣದು. ಬಂದ ಸುದ್ದಿಯನ್ನು ಮತ್ತೊಬ್ಬರಿಗೆ ದಾಟಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದನ್ನು ಮೊದಲು ಹೇಳಿದವರಾರು? ಯಾವ ವರ್ಷದಲ್ಲಿ ಹೇಳಿದರು? ಎಲ್ಲಿ ನೋಡಿದರೆ ಅದು ಕಾಣುವುದು? ಮೂರಕ್ಕೂ ಉತ್ತರವಿರುವ ಸುದ್ದಿಯನ್ನು ಧಾರಾಳವಾಗಿ ಹಂಚಿರಿ. ಉತ್ತರವಿಲ್ಲದುದನ್ನು ನಿಮ್ಮಲ್ಲಿಯೇ ನಿಲ್ಲಿಸಿರಿ. ಕಳುಹಿಸಿದವರೊಡನೆ ಜಗಳ ಬೇಡ, ಅವರ ಯೋಗಕ್ಷೇಮವನ್ನು ಎರಡು ಸಾಲಿನಲ್ಲಿ ವಿಚಾರಿಸಿದರಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದ ನಾಡು ನಮ್ಮದು. ಕಾಣದೆ ಕೇಳಿದುದನ್ನು ಪ್ರಮಾಣಿಸಲು ಅರ್ಧ ಗಳಿಗೆಯನ್ನು ಕೊಡುವುದು ನಮಗೆ ಭಾರವಾಗಲಾರದು.