ಕಪ್ಪು ತಂತಿ

ಅಮೆರಿಕಕ್ಕೆ ಹೋಗಿ ಬಂದವರು ನಯಾಗರದ ಫೋಟೋ ತೋರಿಸುತ್ತಾರೆ. ನಾನು ತಂದದ್ದು ಸುಟ್ಟುಹೋದ ಎರಡು ಫ್ಯೂಸು.

2023ರ ಬೇಸಿಗೆ ರಜೆಯಲ್ಲಿ ಒಹಾಯೋದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಳಿಯ ಬೇರೆ ಮನೆ ಮಾಡಿ ಆರು ತಿಂಗಳಾಗಿತ್ತು. ಹೇಗಾದರೂ ಇಬ್ಬರನ್ನೂ ಕೂಡಿಸಬೇಕೆಂದು, ಆಡಬೇಕಾದ ಬುದ್ಧಿಮಾತುಗಳನ್ನೆಲ್ಲ ವಿಮಾನದಲ್ಲಿಯೇ ಪಾಠದ ಟಿಪ್ಪಣಿಯಂತೆ ಜೋಡಿಸಿಕೊಂಡಿದ್ದೆ. ಹೋಗಿ ನೋಡಿದರೆ ಅಂಗಳದಲ್ಲಿ 1974ರ ಒಂದು ಟ್ರೇಲರ್ ನಿಂತಿದೆ! ಕಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ತಗಡಿನ ಮನೆ. ಒಳಗೆ ಮಂಚ, ಒಲೆ, ಸಿಂಕು ಎಲ್ಲ ಇದೆ. ಸಂಸಾರ ಒಡೆದು ಕೂತಿರುವಾಗ ಇವಳಿಗೆ ಇದೊಂದು ಬೇಕಿತ್ತೇ ಎಂದು ಹೊಟ್ಟೆ ಉರಿಯಿತು.

ಅದರ ಕನ್ವರ್ಟರ್ ಕೆಟ್ಟಿತ್ತು. ನಮ್ಮ ಮನೆಗಳ ಯುಪಿಎಸ್ ಬ್ಯಾಟರಿಯ ಕರೆಂಟನ್ನು 230 ವೋಲ್ಟ್ ಎಸಿ ಮಾಡಿ ಫ್ಯಾನು ತಿರುಗಿಸುತ್ತದಲ್ಲ, ಇದು ಅದರ ಉಲ್ಟಾ. ಅಲ್ಲಿಯ 120 ವೋಲ್ಟ್ ಎಸಿಯನ್ನು 12 ವೋಲ್ಟ್ ಡಿಸಿಗೆ ಇಳಿಸಿ ದೀಪ, ನೀರಿನ ಪಂಪು ನಡೆಸುತ್ತದೆ. ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಹಳೆಯದು ಮಣಭಾರದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ದುಂಬಿಯ ಹಾಗೆ ಗುಂಯ್‌ಗುಡುತ್ತಿತ್ತಂತೆ. ಬ್ಯಾಟರಿ ತುಂಬಿದ ಮೇಲೂ ಬಿಡದೆ ತುಂಬಿ ತುಂಬಿ ಅದರ ನೀರೆಲ್ಲ ಆರಿಹೋಗಿತ್ತು. ಹೊಸದು ಮೊದಲು 14.4 ವೋಲ್ಟ್‌ನಲ್ಲಿ ತುಂಬಿ, ಆಮೇಲೆ 13.6ಕ್ಕೆ, ಗಾಡಿ ಬಳಸದೆ ನಿಂತಾಗ 13.2ಕ್ಕೆ ತಾನಾಗಿ ಇಳಿಯುತ್ತದೆ. ಸಾಕೆಂಬುದು ತಿಳಿದ ಯಂತ್ರ. ನಮ್ಮಂಥ ಮೇಷ್ಟ್ರುಗಳಿಗೆ ಅದು ತಿಳಿಯುವುದು ಕಷ್ಟ.

"ಯಾರನ್ನಾದರೂ ಕರೆಸಬಾರದೇನೇ?" ಎಂದೆ.

"ಅವರಿಗೆ ಕೊಡೋ ಕೂಲೀಲಿ ಇನ್ನೊಂದು ಕನ್ವರ್ಟರ್ ಬರುತ್ತಮ್ಮ. ನೀನು ಟಾರ್ಚ್ ಹಿಡಿ, ಸಾಕು."

ಹೊರಗಿನ ಪ್ಲಗ್ ಕಿತ್ತಳು. ಬ್ಯಾಟರಿ ಬಿಚ್ಚಿದಳು. ಮೀಟರ್ ಇಟ್ಟು ಎಲ್ಲೂ ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು ಮಂಚದ ಕೆಳಗೆ ತೂರಿದಳು. ಬಿಚ್ಚಿದ ತಂತಿಗೆಲ್ಲ ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಸಿಕ್ಕಿದ್ದೇ ಸಮಯವೆಂದು ನಾನು ಪಾಠ ಶುರು ಮಾಡಿದೆ. ಗಂಡಸರು ಅಂದರೆ ಹಾಗೇ, ನಿಮ್ಮಪ್ಪನ ಜೊತೆ ನಾನು ಬಾಳಲಿಲ್ಲವೇ, ಹಾಸನದ ದೊಡ್ಡಮ್ಮನಿಗೆ ಏನು ಹೇಳಲಿ... ಕೆಳಗಿನಿಂದ ಸ್ಕ್ರೂ ತಿರುಗಿಸುವ ಸದ್ದು ಮಾತ್ರ ಬರುತ್ತಿತ್ತು.

ಡಿಸಿ ಕಡೆಗೆ ಎರಡು ದಪ್ಪ ತಂತಿ, ಒಂದು ಕಪ್ಪು, ಒಂದು ಬಿಳಿ. ಬ್ಯಾಟರಿಗೆ ಕಪ್ಪು ಎಂದರೆ ಮೈನಸ್ ಎಂದು ಯಾರಿಗೆ ಗೊತ್ತಿಲ್ಲ? ಕೇಳದೆ ಹಾಗೇ ಬರೆದುಬಿಟ್ಟೆ. ಆ ಗಾಡಿಯಲ್ಲಿ ಬಿಳಿಯದು ಮೈನಸ್, ಕಪ್ಪೇ ಪ್ಲಸ್. ಅಮ್ಮ ಬರೆದ ಚೀಟಿಯೆಂದು ಅವಳು ಮತ್ತೆ ನೋಡಲೂ ಇಲ್ಲ. ಕೊನೆಗೆ ಬ್ಯಾಟರಿ ಕೂಡಿಸಿದಾಗ ಚಟ್ಟೆಂದು ಕಿಡಿ ಹಾರಿತು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಯಂತ್ರ ಉಳಿಯಲಿ ಎಂದೇ ಇಟ್ಟಿದ್ದ ಎರಡು ಫ್ಯೂಸುಗಳು ಸುಟ್ಟವು.

ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೀಟು ಎಳೆದವಳು ನಾನು. ಬೈಯುತ್ತಾಳೆಂದು ಕಾದೆ. ಅವಳು ಚೀಟಿಯನ್ನು ನೋಡಿ, ತಲೆಯ ಧೂಳು ಕೊಡವಿ, ನೆಲದ ಮೇಲೆಯೇ ಕೂತಳು.

"ನೀನು ಕೇಳಲೇ ಇಲ್ಲಮ್ಮ."

"ಕಪ್ಪು ಅಂದರೆ ಮೈನಸ್ ಅಂದುಕೊಂಡೆ ಕಣೇ."

"ತಂತಿ ವಿಷಯ ಅಲ್ಲ. ಬಂದು ಹತ್ತು ದಿನವಾಯಿತು. ಏನಾಯಿತು ಅಂತ ಒಂದು ಸಲನೂ ನನ್ನ ಕೇಳಲಿಲ್ಲ."

ಕೇಳಿದೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹೊರಗೆ ಕತ್ತಲಾಗಿ, ಟಾರ್ಚ್ ಮಂಕಾಗುವವರೆಗೆ ಹೇಳಿದಳು. ನಾನು ವಿಮಾನದಲ್ಲಿ ಜೋಡಿಸಿಕೊಂಡಿದ್ದ ಮಾತಿನಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ.

ಮಾರನೆಯ ದಿನ ಫ್ಯೂಸು ತಂದು, ಒಂದೊಂದು ತಂತಿಗೂ ಮೀಟರ್ ಹಿಡಿದು ನೋಡಿ, ಹೊಸ ಚೀಟಿ ಬರೆದೆವು. ಈ ಸಲ ದೀಪ ಹತ್ತಿತು. ಗುಂಯ್ ಎಂಬ ಸದ್ದೂ ಇಲ್ಲ. ಪಂಪು ಗೊರಗೊರ ಎಂದು ಸಿಂಕಿಗೆ ನೀರು ಸುರಿಸಿತು.

ಆಗಲೇ ಹಾಸನದಿಂದ ಅಕ್ಕನ ಫೋನು. "ಏನೇ, ರಾಜಿ ಆಯಿತೇ?"

"ಆಮೇಲೆ ಮಾಡಕ್ಕ, ಟ್ರೇಲರಿನಲ್ಲಿ ಕಾಫಿಗೆ ನೀರಿಟ್ಟಿದ್ದೀನಿ" ಎಂದು ಇಟ್ಟುಬಿಟ್ಟೆ.