ಬಿಟ್ಟ ಸ್ಥಳ

ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಮೊನ್ನೆ ಸಂಜೆ ಕನ್ನಡದ ಅಭ್ಯಾಸ ಪುಸ್ತಕವನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದಳು. ‘ಬಿಟ್ಟ ಸ್ಥಳಗಳನ್ನು ಸೂಕ್ತ ಪದಗಳಿಂದ ತುಂಬಿರಿ’ ಎಂಬುದು ಅಂದಿನ ಪಾಠ. ‘ಅಜ್ಜಿಯು ದೇವರ ಮುಂದೆ ದೀಪವನ್ನು ______’ ಎಂಬ ವಾಕ್ಯದ ಎದುರಿಗೆ ಕಂಸದೊಳಗೆ ನಾಲ್ಕು ಪದಗಳಿದ್ದವು: ಸುಟ್ಟಳು, ಕಾಯಿಸಿದಳು, ಹಚ್ಚಿದಳು, ಬೇಯಿಸಿದಳು.

“ತಾತ, ಇದರಲ್ಲಿ ಸರಿಯಾದ ಉತ್ತರವೇ ಇಲ್ಲ” ಎಂದಳು.

“ಯಾವುದು ಸರಿಯಾದದ್ದು?”

“ಆನ್ ಮಾಡಿದಳು!”

ನಾನು ನಕ್ಕೆನಾದರೂ ಅವಳ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಅವಳ ಅಜ್ಜಿ ಹಾಸಿಗೆ ಹಿಡಿದು ಎರಡು ವಾರವಾಗಿತ್ತು. ಅಂದಿನಿಂದ ದೇವರ ಮನೆಯಲ್ಲಿ ಉರಿಯುತ್ತಿದ್ದುದು ಪುಟ್ಟ ವಿದ್ಯುದ್ದೀಪ. ಅದರ ಗುಂಡಿಯನ್ನು ಒತ್ತುವ ಕೆಲಸ ಈ ಹುಡುಗಿಯದೇ. ಕಂಡದ್ದನ್ನೇ ಹೇಳಿದ್ದಳು.

ಈ ‘ಮಾಡು’ ಎಂಬ ಪದ ಈಗ ನಮ್ಮ ಮನೆಗಳ ಬಿಟ್ಟ ಸ್ಥಳಗಳನ್ನೆಲ್ಲ ತಾನೊಂದೇ ತುಂಬಿಬಿಟ್ಟಿದೆ. ನನ್ನ ತಾಯಿಯ ಅಡಿಗೆಯ ಮನೆಯಲ್ಲಿ ಒಂದೊಂದು ಕೆಲಸಕ್ಕೂ ಅದರದೇ ಕ್ರಿಯಾಪದವಿತ್ತು. ಭತ್ತವನ್ನು ಕುಟ್ಟುವುದು, ರಾಗಿಯನ್ನು ಬೀಸುವುದು, ದೋಸೆಯ ಹಿಟ್ಟನ್ನು ರುಬ್ಬುವುದು, ಮೊಸರನ್ನು ಕಡೆಯುವುದು, ರೊಟ್ಟಿಯನ್ನು ತಟ್ಟುವುದು, ಶಾವಿಗೆಯನ್ನು ಒತ್ತುವುದು. ಇಂದು ಎಲ್ಲವೂ ‘ಗ್ರೈಂಡ್ ಮಾಡು’, ‘ಮಿಕ್ಸ್ ಮಾಡು’, ‘ಕಟ್ ಮಾಡು’. ಸೀರೆಯನ್ನು ಉಡಬೇಕು, ರವಿಕೆಯನ್ನು ತೊಡಬೇಕು, ಹೂವನ್ನು ಮುಡಿಯಬೇಕು, ಕುಂಕುಮವನ್ನು ಇಡಬೇಕು, ಶಾಲನ್ನು ಹೊದೆಯಬೇಕು, ಚಪ್ಪಲಿಯನ್ನು ಮೆಟ್ಟಬೇಕು. ಈಗ ಅಡಿಯಿಂದ ಮುಡಿಯವರೆಗೆ ಸಕಲವನ್ನೂ ‘ಹಾಕಿಕೊಳ್ಳುತ್ತಾರೆ’.

ಒಂದು ಪದಕ್ಕೆ ಅರ್ಥವೇನೆಂಬುದನ್ನು ನಿಘಂಟು ಹೇಳೀತು. ಅದು ಯಾವ ಪದದ ಪಕ್ಕದಲ್ಲಿ ಕುಳಿತರೆ ಒಪ್ಪುತ್ತದೆ ಎಂಬುದನ್ನು ತಿಳಿಯಲು ಮನೆಯವರ ಮಾತಿಗೆ ಕಿವಿಗೊಟ್ಟು ಬೆಳೆದಿರಬೇಕು. ಬಾವಿಯಿಂದ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಎರಡರಲ್ಲಿಯೂ ಎಳೆದುಕೊಳ್ಳುವುದಿದೆ ಎಂಬುದು ಹೊಳೆದಾಗ ಕನ್ನಡಿಗನಿಗೂ ಒಂದು ಕ್ಷಣ ಅಚ್ಚರಿಯಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಮಹಾನಿಘಂಟಿಗಾಗಿ ಜರ್ಮನಿಯಿಂದ ಬಂದ ಕಿಟ್ಟೆಲರು ಇಂಥ ಪದಗಳನ್ನು ಎಷ್ಟು ಪರಿಶ್ರಮದಿಂದ ಕೂಡಿಹಾಕಿರಬೇಕು! 1991ರಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದಾಗ ಓದುಗರು ಅವರ ಮುಂದಿಟ್ಟ ಪ್ರಶ್ನೆಗಳನ್ನು ನೋಡಿದರೆ, ಸರಿಯಾದ ಪದಕ್ಕಾಗಿ ಪೇಚಾಡುವವರು ಶಾಲೆಯ ಮಕ್ಕಳಷ್ಟೇ ಅಲ್ಲವೆಂಬುದು ಸ್ಪಷ್ಟವಾಗುತ್ತಿತ್ತು.

ಆದರೆ ಪದವನ್ನು ಆರಿಸುವ ನಿಜವಾದ ಕಷ್ಟ ವ್ಯಾಕರಣದ್ದಲ್ಲ. ಅದನ್ನು ನಾನು ಕಲಿತದ್ದು ನನ್ನ ತಾಯಿಯಿಂದ, ಕಲಿತದ್ದು ತಡವಾಗಿ.

ನಮ್ಮ ತಾಯಿಯ ಬಾಯಿಂದ ಕೆಲವು ಮಾತುಗಳು ಎಂದೂ ಹೊರಡುತ್ತಿರಲಿಲ್ಲ. ಬಳೆ ಒಡೆದರೆ ‘ಒಡೆಯಿತು’ ಎನ್ನುತ್ತಿರಲಿಲ್ಲ, ‘ಹೆಚ್ಚಿತು’ ಎನ್ನುತ್ತಿದ್ದಳು. ರಾತ್ರಿ ಮಲಗುವ ಮುನ್ನ ದೀಪವನ್ನು ‘ಆರಿಸು’ ಎನ್ನದೆ ‘ದೊಡ್ಡದು ಮಾಡು’ ಎನ್ನುತ್ತಿದ್ದಳು. ಮನೆಯಿಂದ ಹೊರಟವರು ‘ಹೋಗುತ್ತೇನೆ’ ಎನ್ನಕೂಡದು, ‘ಹೋಗಿ ಬರುತ್ತೇನೆ’ ಎನ್ನಬೇಕು. ಡಬ್ಬದಲ್ಲಿ ಅಕ್ಕಿ ತೀರಿಹೋದ ದಿನ ಹಜಾರದ ಬಾಗಿಲಿಗೆ ಬಂದು ಮೆಲ್ಲಗೆ “ಅಕ್ಕಿ ಹೆಚ್ಚಿದೆ” ಎನ್ನುತ್ತಿದ್ದಳು. ಇಲ್ಲದ ಅಕ್ಕಿ ಹೆಚ್ಚುವುದು ಹೇಗೆಂದು ಹುಡುಗನಾದ ನಾನು ಹಾಸ್ಯ ಮಾಡುತ್ತಿದ್ದೆ. ಕಹಿಯನ್ನು ಸಿಹಿಯ ಮಾತಿನಿಂದ ಮುಚ್ಚುವುದೇ ದೊಡ್ಡವರ ಜಾಣತನವೆಂದು ನನಗೆ ನಾನೇ ಪಾಠ ಮಾಡಿಕೊಂಡೆ.

1967ರಲ್ಲಿ ನನಗೆ ಹದಿನೆಂಟು ವರ್ಷ, ಮೈಸೂರಿನಲ್ಲಿ ಕಾಲೇಜು. ಆ ವರ್ಷ ಮಳೆಗಾಲದಲ್ಲಿ ನಮ್ಮ ತಂದೆಯವರನ್ನು ಊರಿನಿಂದ ಕರೆತಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಚಿಕ್ಕ ಮಕ್ಕಳನ್ನೂ ಕರೆಯುವ ಹಸುವನ್ನೂ ಬಿಟ್ಟು ಬರಲಾರದೆ ತಾಯಿ ಊರಿನಲ್ಲಿಯೇ ಉಳಿದಳು. ಹತ್ತನೆಯ ದಿನ ವೈದ್ಯರು ನನ್ನನ್ನು ಹೊರಗೆ ಕರೆದು, ಇನ್ನು ಆಸೆಯಿಟ್ಟುಕೊಳ್ಳುವಂತಿಲ್ಲವೆಂದು ತಿಳಿಸಿದರು.

ತಂತಿ ಕೊಡಬಹುದಾಗಿತ್ತು. 2013ರ ಜುಲೈನಲ್ಲಿ ನಿಂತುಹೋದ ಆ ತಂತಿಯ ಸೇವೆಯನ್ನು ಬಲ್ಲವರಿಗೆ ನೆನಪಿರಬಹುದು, ಹಳ್ಳಿಯ ಮನೆಗೆ ತಂತಿ ಬಂತೆಂದರೆ ಲಕೋಟೆಯನ್ನು ಬಿಚ್ಚುವ ಮೊದಲೇ ಅಳು ಆರಂಭವಾಗುತ್ತಿತ್ತು. ತಾಯಿಯನ್ನು ಹಾಗೆ ಬೆಚ್ಚಿಬೀಳಿಸಲು ಮನಸ್ಸಾಗಲಿಲ್ಲ. ಕಾರ್ಡೊಂದನ್ನು ತೆಗೆದುಕೊಂಡು ಆಸ್ಪತ್ರೆಯ ಜಗಲಿಯ ಮೇಲೆ ಕುಳಿತೆ. ‘ಮಾತೃಶ್ರೀಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಂದೆಯವರು…’ ಎಂದು ಬರೆದು ಲೇಖನಿ ನಿಂತಿತು. ತುಂಬಬೇಕಾದ ಸ್ಥಳ ಒಂದೇ ಪದದ್ದು. ‘ಉಳಿಯುವುದಿಲ್ಲ’ ಎಂಬುದು ನಿಜ. ಅದನ್ನು ಬರೆಯಲು ಕೈ ಬರಲಿಲ್ಲ. ‘ಹಾಗೆಯೇ ಇದ್ದಾರೆ’ ಎಂದರೆ ಸಾಲದು. ಕಡೆಗೆ ಕಾಲೇಜು ಹುಡುಗನಿಗೆ ತಕ್ಕ ಒಂದು ಪದ ಸಿಕ್ಕಿತು: ‘ತಂದೆಯವರು ಗುಣಮುಖರಾಗುತ್ತಿದ್ದಾರೆ.’ ವ್ಯಾಕರಣದಲ್ಲಿ ದೋಷವಿರಲಿಲ್ಲ. ಯಾವ ಪರೀಕ್ಷಕನೂ ಅಂಕ ಕಳೆಯುವಂತಿರಲಿಲ್ಲ.

ಕಾರ್ಡು ಊರು ಸೇರಿದ ದಿನ ತಾಯಿ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡಳಂತೆ. ‘ಗುಣಮುಖ’ ಎಂದರೇನೆಂದು ಶಾಲೆಯ ಮೇಷ್ಟರನ್ನು ಕೇಳಿ ತಿಳಿದು, ದೇವರಿಗೆ ತುಪ್ಪದ ದೀಪ ಹಚ್ಚಿದಳಂತೆ. ಮರುದಿನ ಮುಂಜಾನೆ ತಂದೆಯವರು ತೀರಿಕೊಂಡರು. ಆಮೇಲೆ ತಂತಿಯನ್ನು ಕೊಡಲೇಬೇಕಾಯಿತು. ಊರಿಗೆ ಇದ್ದುದು ದಿನಕ್ಕೊಂದೇ ಬಸ್ಸು. ಕಾರ್ಡು ಸೇರಿದ ದಿನವೇ ಹೊರಟಿದ್ದರೆ ಅವಳಿಗೆ ಪತಿಯ ಮುಖ ನೋಡಲು ಸಿಕ್ಕುತ್ತಿತ್ತು. ಒಂದೆರಡು ಮಾತೂ ಸಿಕ್ಕುತ್ತಿತ್ತು. ಕೊನೆಯ ರಾತ್ರಿ ತಂದೆಯವರು ಎರಡು ಬಾರಿ ಅವಳನ್ನು ಕೇಳಿದ್ದರು.

ತಾಯಿ ನನ್ನನ್ನು ಬಯ್ಯಲಿಲ್ಲ. ವರ್ಷ ಕಳೆದು ವೈದಿಕವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಅಕ್ಕಿಯನ್ನು ಕೇರುತ್ತಾ ತಲೆಯೆತ್ತದೆ ಹೇಳಿದಳು: “‘ಅಪ್ಪ ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದಾರೆ’ ಅಂತ ಬರೆದಿದ್ದರೆ ಸಾಕಾಗಿತ್ತು ಮಗು. ನನಗೆ ತಿಳಿಯುತ್ತಿತ್ತು.”

ಆ ಮಾತನ್ನು ಕೇಳಿದ ಮೇಲೆ ನನಗೆ ನಮ್ಮ ಮನೆಯ ಹಳೆಯ ಮಾತುಗಳ ಅರ್ಥವಾಯಿತು. ಅವಳು “ಅಕ್ಕಿ ಹೆಚ್ಚಿದೆ” ಎಂದ ಕೂಡಲೆ ತಂದೆಯವರು ಎದ್ದು ಚೀಲವನ್ನು ಕೈಗೆತ್ತಿಕೊಳ್ಳುತ್ತಿದ್ದರು. “ದೀಪ ದೊಡ್ಡದು ಮಾಡು” ಎಂದರೆ ಕತ್ತಲಾಗುವುದೆಂದು ಮನೆಯ ಕೂಸಿಗೂ ಗೊತ್ತಿತ್ತು. ಅವಳ ಮೃದುವಾದ ಮಾತು ಯಾವುದನ್ನೂ ಮುಚ್ಚುತ್ತಿರಲಿಲ್ಲ; ಹೇಳಬೇಕಾದುದನ್ನು ಕೇಳುವವರು ತಾಳಿಕೊಳ್ಳುವಂತೆ ಹೇಳುತ್ತಿತ್ತು. ನನ್ನ ‘ಗುಣಮುಖ’ವೂ ಮೃದುವಾದ ಮಾತೇ, ಆದರೆ ಅದು ಅವಳನ್ನು ಹೊಸ್ತಿಲಿನಲ್ಲಿಯೇ ತಡೆದು ಕೂರಿಸಿತು. ಮಂಗಳದ ಮಾತಿಗೂ ಸುಳ್ಳಿಗೂ ಇರುವ ಅಂತರ ಇಷ್ಟೇ. ಮೊದಲನೆಯದನ್ನು ಕೇಳಿದವರು ಏನು ಮಾಡಬೇಕೋ ಅದನ್ನು ಮಾಡಲು ಏಳುತ್ತಾರೆ. ಎರಡನೆಯದನ್ನು ನಂಬಿದವರು ಕುಳಿತೇ ಇರುತ್ತಾರೆ.

ಮೊನ್ನೆ ಮೊಮ್ಮಗಳು ‘ಹಚ್ಚಿದಳು’ ಎಂದು ದುಂಡಗೆ ಬರೆದು ಎದ್ದುಹೋದ ಮೇಲೆ ನನ್ನ ಮೊಬೈಲು ಸದ್ದು ಮಾಡಿತು. ಪುಣೆಯಲ್ಲಿ ಕೆಲಸದಲ್ಲಿರುವ ಮಗಳು ಎಂದಿನಂತೆ ಕೇಳಿದ್ದಳು: ‘ಅಮ್ಮ ಹೇಗಿದ್ದಾಳೆ?’ ಎರಡು ವಾರದಿಂದ ನಾನು ಕೊಡುತ್ತಿದ್ದ ಉತ್ತರ ಒಂದೇ. “ಅವಳಿಗೆ ರಜ ಸಿಕ್ಕುವುದು ಕಷ್ಟ, ಸುಮ್ಮನೆ ಗಾಬರಿ ಮಾಡಬೇಡಿ” ಎಂದು ನನ್ನ ಹೆಂಡತಿಯ ಕಟ್ಟಪ್ಪಣೆಯಾಗಿತ್ತು. ‘ಅಮ್ಮ’ ಎಂದು ಒತ್ತಿದೆ. ಈಗಿನ ಮೊಬೈಲುಗಳೂ ಮೇಷ್ಟರಂತೆಯೇ. ಮುಂದಿನ ಪದವನ್ನು ತಾವೇ ತಂದು ನಿಲ್ಲಿಸುತ್ತವೆ. ಎರಡು ವಾರದ ಅಭ್ಯಾಸದಿಂದ ನನ್ನದು ಮೊದಲು ತೋರಿಸಿದ್ದು ‘ಚೆನ್ನಾಗಿದ್ದಾಳೆ’ ಎಂಬುದನ್ನೇ.

ಅದನ್ನು ಮುಟ್ಟಲಿಲ್ಲ. ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿದೆ: ‘ಅಮ್ಮ ನಿನ್ನನ್ನು ನೆನೆಸಿಕೊಳ್ಳುತ್ತಿದ್ದಾಳೆ.’

ಎರಡು ನಿಮಿಷವೂ ಕಳೆದಿರಲಿಲ್ಲ, ಮಗಳೇ ಕರೆ ಮಾಡಿದಳು. ಏನಾಗಿದೆ, ವೈದ್ಯರು ಏನೆಂದರು ಎಂದು ಒಂದು ಮಾತನ್ನೂ ಕೇಳಲಿಲ್ಲ.

“ಅಪ್ಪ, ನಾಳೆ ಸಂಜೆಯ ಹೊತ್ತಿಗೆ ಬರುತ್ತೇನೆ” ಎಂದಳು.