ಗಾಳಿಬೋರೆಯ ಹರಿಗೋಲು

ಕನಕಪುರದಿಂದ ಸಂಗಮಕ್ಕೆ ಹೋಗಿ, ಕಾವೇರಿಯ ಅಂಚಿನ ಕಾಡುಹಾದಿಯಲ್ಲಿ ಮುಂದುವರಿದರೆ ಗಾಳಿಬೋರೆ. 1978ರಲ್ಲಿ ಗಾಳದ ಹುಚ್ಚಿನ ಕೆಲವರು ಇಂಗ್ಲಿಷರು ಮಹಶೀರನ್ನು ಅರಸಿ ಬಂದುದರಿಂದ ಈ ಹೊಳೆಗೆ ಪರದೇಶಗಳಲ್ಲಿ ಹೆಸರಾಯಿತು. ಮುಂದೆ ದಡದಲ್ಲಿ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳೆದ್ದವು.

ಗಾಳದ ಕೋಲು ಪರದೇಶದ ಅತಿಥಿಯ ಕೈಯಲ್ಲಿ. ಸುಳಿಯ ಆಳ, ಬಂಡೆಯ ಮರೆ, ರಾಗಿ ಹಿಟ್ಟಿನ ಉಂಡೆಯ ಹದ ಇವನ್ನು ಬಲ್ಲವನು ಹರಿಗೋಲಿನ ನಮ್ಮ ಹಳ್ಳಿಗನೇ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಸಂಬಳಕ್ಕೆ ಸೇರಿ ಮೀನಿನ ಕಾವಲಿಗೆ ನಿಂತರು. ಹಿಡಿದ ಮೀನನ್ನು ತೂಗಿ ಮರಳಿ ನೀರಿಗೆ ಬಿಡುವುದು ಪದ್ಧತಿ. ಚಿತ್ರದ ಕೆಳಗಿನ ಹೆಸರು ಮಾತ್ರ ಅತಿಥಿಯದೇ!

2010ರ ಆಚೀಚೆ ವನ್ಯಜೀವಿ ಕಾನೂನಿನಂತೆ ಅಭಯಾರಣ್ಯದಲ್ಲಿ ಈ ವಿನೋದ ನಿಂತಿತು. ಅತಿಥಿಗೆ ಲೋಕದಲ್ಲಿ ಬೇರೆ ಹೊಳೆಗಳುಂಟು. ಹಳ್ಳಿಗನ ಕಸುಬು ಇಲ್ಲಿಯದೇ. ವಾಚಕರು ಅಲ್ಲಿ ಹರಿಗೋಲು ಹತ್ತಿದರೆ, ಹುಟ್ಟು ಹಾಕುವವನನ್ನು ಮಡುಗಳ ಹೆಸರು ಕೇಳಿ ನೋಡಬೇಕು.